ಲಿಫ್ಟ್ ಮೆಕ್ಯಾನಿಕ್ ಜೊತೆ ಟಿಬಿಲಿಸಿಗೆ

ರಂಜಾನ್ ಹಬ್ಬದ ರಜೆಯ ಮೊದಲ ದಿನ ಬೆಳಿಗ್ಗೆ ಆರೂವರೆಗೆ ನಾವು ಮೂವರು ಅಲ್ ನಹ್ದಾದ ನಮ್ಮ ಕಟ್ಟಡದ ಕೆಳಗೆ ಟ್ಯಾಕ್ಸಿಗೆ ಕಾಯುತ್ತಾ ನಿಂತಿದ್ದೆವು. ದುಬೈಯಲ್ಲಿ ಆ ಹೊತ್ತಿಗೇ ಕತ್ತಿನ ಹಿಂದೆ ಬೆವರು. ಆದರೂ ಮೂವರ ತೋಳಿನ ಮೇಲೂ ಒಂದೊಂದು ದಪ್ಪ ಜಾಕೆಟ್. ಮೂರೂ ನಮ್ಮವಲ್ಲ. ನಾಲ್ಕನೇ ಮಹಡಿಯ ಮಂಗಳೂರಿನವರು ಎರಡು ವರ್ಷದ ಹಿಂದೆ ಜಾರ್ಜಿಯಾಕ್ಕೆ ಹೋಗುವಾಗ ಕೊಂಡದ್ದು. ಆಮೇಲೆ ಆ ಕಟ್ಟಡದಿಂದ ಯಾರು ಜಾರ್ಜಿಯಾಕ್ಕೆ ಹೊರಟರೂ ಅವೇ ಜಾಕೆಟ್‌ಗಳು ಹೋಗಿ ಬರುತ್ತವೆ. ಈ ಸಲದ್ದು ಅವಕ್ಕೆ ನಾಲ್ಕನೇ ಪ್ರವಾಸ. ನನ್ನ ಪಾಲಿಗೆ ಬಂದದ್ದರ ಜೇಬಿನಲ್ಲಿ ಯಾರೋ ತಿಂದ ಕೆಮ್ಮಿನ ಮಿಠಾಯಿಯ ಕಾಗದ ಇನ್ನೂ ಇತ್ತು.

ಜನ ಹವೆ ಬದಲಿಸಲು ಹೋಗುತ್ತಾರೆ, ನಾನು ಗಂಡನನ್ನು ಬದಲಿಸಲು ಹೊರಟಿದ್ದೆ. ಅಂದರೆ ಅವರು ಮೊದಲು ಹೇಗಿದ್ದರೋ ಹಾಗೆ ಮಾಡಿಕೊಂಡು ಬರಲು. ನನ್ನ ಗಂಡ ವೀರೇಶ ಲಿಫ್ಟ್ ಮೆಕ್ಯಾನಿಕ್. ಗದಗಿನ ಕಡೆಯವರು ನಾವು. ಇವರು ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ ಇಪ್ಪತ್ತೊಂದು ವರ್ಷದ ಹಿಂದೆ ದುಬೈಗೆ ಬಂದವರು. ನಾನು ಮನೆಯ ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತೇನೆ. ಮಗಳು ಪೂರ್ವಿಗೆ ಹದಿಮೂರು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಲಿಫ್ಟಿನ ಪೆಟ್ಟಿಗೆಯೊಳಗೆ ನಾವು ನಿಂತರೆ, ಅದರ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವುದು ಇವರ ಕಸುಬು. ಜನವರಿಯಲ್ಲಿ ಒಂದು ದಿನ ಇವರು ಮೇಲೆ ನಿಂತಿದ್ದಾಗಲೇ ಪೆಟ್ಟಿಗೆ ಮೇಲಕ್ಕೆ ಓಡಿತು. ಇವರು ಅಂಗಾತ ಮಲಗಿ ಬದುಕಿಕೊಂಡರು. ಪೆಟ್ಟಿಗೆ ನಿಂತಾಗ ಛಾವಣಿಗೂ ಇವರ ಮೂಗಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತಂತೆ. ಮೈಮೇಲೆ ಒಂದು ಗೀರೂ ಇಲ್ಲ. ಮನೆಗೆ ಬಂದು "ಮಷೀನ್ ಕೆಟ್ಟಿತ್ತು" ಅಂದರು, ಊಟ ಮಾಡಿದರು, ಮಲಗಿದರು. ಅಂದಿನಿಂದ ಲಿಫ್ಟಿನ ಬಾವಿಯೊಳಗೆ, ಅಂದರೆ ಪೆಟ್ಟಿಗೆ ಏರಿಳಿಯುವ ಆಳದೊಳಗೆ, ಕಾಲಿಟ್ಟಿಲ್ಲ. ಆಫೀಸಿನಲ್ಲಿ ಕೂತು ಫೋನ್ ಎತ್ತುತ್ತಿದ್ದರು. ಎರಡು ತಿಂಗಳು ಕಂಪನಿ ಸುಮ್ಮನಿತ್ತು. ಆಮೇಲೆ ಮ್ಯಾನೇಜರ್ ಕರೆದು ಕೇಳಿದ: ಮತ್ತೆ ಬಾವಿಗೆ ಇಳಿಯುತ್ತೀಯೋ, ಇಲ್ಲ ಶಾರ್ಜಾದ ಗೋಡೌನಿನಲ್ಲಿ ಸ್ಟೋರ್‌ಕೀಪರ್ ಆಗುತ್ತೀಯೋ, ಹಬ್ಬ ಮುಗಿದ ಸೋಮವಾರ ಹೇಳು.

ಸ್ಟೋರ್ ಅಂದರೆ ಸಂಬಳ ಅರ್ಧ. ಆ ಸಂಬಳದಲ್ಲಿ ನಮ್ಮ ಫ್ಲಾಟೂ ಇಲ್ಲ, ಪೂರ್ವಿಯ ಶಾಲೆಯೂ ಇಲ್ಲ. ನಾನು ಅವಳನ್ನು ಕರೆದುಕೊಂಡು ಗದಗಿಗೆ ಹೋಗಬೇಕು, ಇವರು ಇಲ್ಲಿ ಬೆಡ್‌ಸ್ಪೇಸ್ ಹಿಡಿಯಬೇಕು, ಅಂದರೆ ಆರು ಜನರ ಕೋಣೆಯಲ್ಲಿ ಒಂದು ಮಂಚ. ಹದಿನೈದು ವರ್ಷದಿಂದ ಒಟ್ಟಿಗೆ ಇದ್ದ ಸಂಸಾರ ಸೋಮವಾರದ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಎರಡು ತಿಂಗಳಿಂದ ಹೇಳಿದ್ದನ್ನೇ ಹೇಳುತ್ತಿದ್ದೆ: "ಮಷೀನ್ ರಿಪೇರಿ ಆಗೇತಲ್ರಿ, ಇನ್ನ ಯಾಕ ಅಂಜಿಕಿ?" ಅವರು ಕೇಳಿಸಿಕೊಂಡು ಟಿವಿ ಕಡೆ ತಿರುಗುತ್ತಿದ್ದರು.

ಅದಕ್ಕೇ ಈ ಪ್ರವಾಸ. ಟಿಬಿಲಿಸಿಯನ್ನು ಆರಿಸಿದ್ದಕ್ಕೆ ನನ್ನದೇ ಲೆಕ್ಕಾಚಾರವಿತ್ತು. ದುಬೈಯಲ್ಲಿ ನೆಲ ಚಪ್ಪಟೆ, ಮೇಲೆ ಹೋಗಬೇಕಾದರೆ ಲಿಫ್ಟೇ ಗತಿ. ಟಿಬಿಲಿಸಿಯಾದರೆ ಗುಡ್ಡದ ಮೇಲೆ ಕಟ್ಟಿದ, ಜಾರ್ಜಿಯಾದ ಹಳೆಯ ರಾಜಧಾನಿ, ಎತ್ತರದ ಟವರ್‌ಗಳಿಲ್ಲ, ಹತ್ತಬೇಕಾದರೆ ಕಾಲಿದೆ, ಮೆಟ್ಟಿಲಿದೆ. ನಾಲ್ಕು ದಿನ ಲಿಫ್ಟಿನ ಸುದ್ದಿಯೇ ಇರುವುದಿಲ್ಲ, ತಲೆ ಹಗುರಾಗುತ್ತದೆ ಅಂದುಕೊಂಡೆ. ಹದಿನೈದು ವರ್ಷ ಮರಳುಗಾಡಿನಲ್ಲಿದ್ದವಳಿಗೆ ಗುಡ್ಡದ ಬಗ್ಗೆ ಎಷ್ಟು ಗೊತ್ತಿರುತ್ತದೋ ಅಷ್ಟೇ ನನಗೂ ಗೊತ್ತಿತ್ತು.

ವಿಮಾನ ಮೂರೂವರೆ ತಾಸಿನಲ್ಲಿ ಮುಟ್ಟಿಸಿತು. ಗಡಿಯಾರ ತಿರುಗಿಸುವ ಕೆಲಸವಿಲ್ಲ, ಅಲ್ಲಿಯ ಹೊತ್ತೂ ದುಬೈಯ ಹೊತ್ತೂ ಒಂದೇ. ಇಮಿಗ್ರೇಶನ್ ಅಧಿಕಾರಿ ನಮ್ಮ ಎಮಿರೇಟ್ಸ್ ಗುರುತಿನ ಕಾರ್ಡು, ವಾಪಸ್ ಟಿಕೆಟು, ಹೋಟೆಲಿನ ಕಾಗದ ಎಲ್ಲ ತಿರುವಿ ನೋಡಿ "ಎಷ್ಟು ದಿನ" ಅಂದ. "ನಾಲ್ಕು" ಅಂದೆ. ಠಪ್ಪೆಂದು ಮುದ್ರೆ ಬಿತ್ತು. ಹೊರಗೆ ಒಂಬತ್ತು ಡಿಗ್ರಿ, ಸಣ್ಣ ಗಾಳಿ. ಮಂಗಳೂರಿನವರ ಜಾಕೆಟ್‌ಗೆ ಕೈ ಮುಗಿದೆ.

ಟ್ಯಾಕ್ಸಿ ಊರೊಳಗೆ ಬಂದಂತೆ ನನ್ನ ಲೆಕ್ಕಾಚಾರ ಒಂದೊಂದೇ ಕಳಚಿ ಬಿತ್ತು. ನಡುವೆ ಮಟ್ಕ್ವಾರಿ ನದಿ, ಎರಡೂ ದಂಡೆಯಲ್ಲಿ ಗುಡ್ಡ. ನದಿಯ ಮೇಲೆ ಆಕಾಶದಲ್ಲಿ ಹಗ್ಗ ಕಟ್ಟಿ ಅದರ ಮೇಲೆ ಗಾಜಿನ ಪೆಟ್ಟಿಗೆಗಳು ಓಡಾಡುತ್ತಿವೆ. ಇನ್ನೊಂದು ಕಡೆ ಕಡಿದಾದ ಬೆಟ್ಟದ ಮೈಮೇಲೆ ರೈಲಿನ ಡಬ್ಬಿಯನ್ನು ನೆಟ್ಟಗೆ ಮೇಲಕ್ಕೆ ಎಳೆಯುತ್ತಿದ್ದಾರೆ. ಊರಿಗೆ ಊರೇ ಹಗ್ಗದ ಮೇಲೆ ನೇತಾಡುತ್ತಿತ್ತು. ಪೂರ್ವಿ ಫೋನ್ ತೆಗೆದು ತಾನು ಮಾಡಿದ ಪಟ್ಟಿ ಓದಿದಳು, ಈ ಊರಲ್ಲಿ ಮಾಡಲೇಬೇಕಾದ ಹತ್ತು ಕೆಲಸ. ಮೊದಲನೆಯದು ಕೇಬಲ್ ಕಾರ್. ನಾಲ್ಕನೆಯದು ಆ ಬೆಟ್ಟದ ರೈಲು. ಒಂಬತ್ತನೆಯದು, ನಾಣ್ಯ ಹಾಕಿದರೆ ಹೋಗುವ ಲಿಫ್ಟ್.

"ಲಿಫ್ಟ್ ನೋಡಾಕ ಇಷ್ಟ ದೂರ ಬರಬೇಕಿತ್ತೇನ?" ಅಂದರು ಇವರು, ಕಿಟಕಿಯಿಂದ ಕಣ್ಣು ತೆಗೆಯದೆ. ಎರಡು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು. ನಾನು ನಗಲೂ ಇಲ್ಲ, ಅಳಲೂ ಇಲ್ಲ. ಪಟ್ಟಿಯನ್ನು ಮೊದಲೇ ಓದಬೇಕಿತ್ತು ನಾನು, ಹವಾಮಾನ ಮಾತ್ರ ಓದಿದ್ದೆ.

ನಾವು ಇಳಿದದ್ದು ಸೊಲೊಲಾಕಿ ಎಂಬ ಹಳೆಯ ಬಡಾವಣೆಯಲ್ಲಿ. ಕಲ್ಲು ಹಾಸಿದ ಏರು ಬೀದಿ, ಎರಡೂ ಬದಿಗೆ ಮರದ ಕೆತ್ತನೆಯ ಬಾಲ್ಕನಿಗಳು. ಕೆಲವು ಬಾಲ್ಕನಿಗಳ ಕೆಳಗೆ ಕಬ್ಬಿಣದ ತೊಲೆ ಕೊಟ್ಟು ನಿಲ್ಲಿಸಿದ್ದರು. ನಮ್ಮ ಕೋಣೆ ಮೂರನೇ ಮಹಡಿಯಲ್ಲಿ, ಮರದ ಮೆಟ್ಟಿಲು ಸುರುಳಿ ಸುತ್ತಿ ಹೋಗುತ್ತದೆ. ಎರಡು ಬ್ಯಾಗು ಹೊತ್ತು ಮೇಲೆ ಹೋಗುವಷ್ಟರಲ್ಲಿ ನನ್ನ ಮೊಣಕಾಲು ದುಬೈಯ ಹದಿನೈದು ವರ್ಷದ ಲೆಕ್ಕ ಕೇಳಿತು. ಇವರು ಮಾತ್ರ ಮೂರು ಬ್ಯಾಗು ಹೊತ್ತೂ ಏದುಸಿರು ಬಿಡಲಿಲ್ಲ. ಕೆಲಸ ಮಾಡುವ ಮೈ ಅದು.

ಊಟದ ಚಿಂತೆ ನನಗೆ ಬಹಳ ಇತ್ತು, ನಾವು ಸಸ್ಯಾಹಾರಿಗಳು. ಆದರೆ ಅಲ್ಲಿಯ ಕ್ರೈಸ್ತರ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳು ಅವು. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲದ ಉಪವಾಸದ ಊಟದ ಪಟ್ಟಿಯನ್ನು ಹೋಟೆಲಿನವರೇ ಬೇರೆ ಇಟ್ಟಿದ್ದರು. ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ಕೆಂಪು ಕಾಳಿನ ಲೋಬಿಯೊ, ಮಣ್ಣಿನ ಒಲೆಯ ಗೋಡೆಗೆ ಬಡಿದು ಸುಟ್ಟ ಉದ್ದನೆಯ ರೊಟ್ಟಿ, ಅಕ್ರೋಟ್ ಅರೆದು ತುಂಬಿದ ಬದನೆಕಾಯಿ. ಬದನೆಕಾಯಿ ಬಾಯಿಗಿಟ್ಟ ಇವರು ಸ್ವಲ್ಪ ಹೊತ್ತು ಅಗಿಯುವುದನ್ನೇ ನಿಲ್ಲಿಸಿದರು. "ಶೇಂಗಾ ಹಾಕಿದ್ರ ನಮ್ಮವ್ವನ ಎಣಗಾಯಿ" ಅಂದರು. ಎರಡು ತಟ್ಟೆ ತಿಂದರು. ಪೂರ್ವಿ ಚೀಸ್ ತುಂಬಿದ ಖಾಚಪುರಿ ರೊಟ್ಟಿ ತಿಂದಳು, ಉಪವಾಸ ಅವಳಿಗೆ ಲಾಗೂ ಇಲ್ಲವಂತೆ.

ಅಂದು ಸಂಜೆ ಗಂಧಕದ ಬಿಸಿನೀರಿನ ಸ್ನಾನಕ್ಕೆ ಹೋದೆವು, ಅದು ಪಟ್ಟಿಯಲ್ಲಿ ಮೂರನೆಯದು. ನೆಲದಿಂದ ಇಟ್ಟಿಗೆಯ ಗುಮ್ಮಟಗಳು ಎದ್ದಿವೆ, ಕೆಳಗೆ ಸ್ನಾನದ ಕೋಣೆಗಳು. ತಾಸಿನ ಲೆಕ್ಕದಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಾರೆ, ನಮ್ಮದಕ್ಕೆ ಎಂಬತ್ತು ಲಾರಿ. ಲಾರಿ ಅಂದರೆ ಅವರ ದುಡ್ಡು, ಒಂದಕ್ಕೆ ಒಂದೂ ಕಾಲು ದಿರ್ಹಮಿಗಿಂತ ತುಸು ಹೆಚ್ಚು. ಬಾಗಿಲು ತೆಗೆದ ಕೂಡಲೆ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. "ನೋ ವೇ, ಅಮ್ಮಾ" ಅಂದು ಪೂರ್ವಿ ಹೊರಗಿನ ಬೆಂಚಿನ ಮೇಲೆ ಫೋನ್ ಹಿಡಿದು ಕೂತಳು. ನಾವಿಬ್ಬರೇ ಇಳಿದೆವು. ಕತ್ತಿನವರೆಗೆ ಬಿಸಿನೀರು ಬಂದಾಗ ಇವರ ಭುಜ ಕೆಳಗಿಳಿಯಿತು. ಜನವರಿಯಿಂದ ಅವು ಕಿವಿಯ ಹತ್ತಿರವೇ ಇದ್ದವು ಅಂತ ಆಗಲೇ ನನಗೆ ಹೊಳೆದದ್ದು.

ಹೊತ್ತು ಚೆನ್ನಾಗಿದೆ ಅಂದುಕೊಂಡು ಕೇಳಿಯೇಬಿಟ್ಟೆ. "ಸೋಮವಾರ ಏನ ಹೇಳ್ತೀರಿ?"

"ಜಳಕ ಮಾಡಾಕ ಬಂದೇವಿ, ಜಳಕ ಮಾಡೂಣು."

ಭುಜ ಮತ್ತೆ ಮೇಲೇರಿತು. ನನ್ನ ನಾಲಿಗೆಗೆ ಎಂದೂ ಬುದ್ಧಿ ಬರುವುದಿಲ್ಲ.

ಎರಡನೇ ದಿನ ಕೇಬಲ್ ಕಾರು. ನದಿಯಾಚೆಯ ಪಾರ್ಕಿನಲ್ಲಿ ಹತ್ತಿದರೆ ಹಳೆಯ ಕೋಟೆಯ ಗುಡ್ಡದ ಮೇಲೆ ಇಳಿಸುತ್ತದೆ. ತಲೆಗೆ ಎರಡೂವರೆ ಲಾರಿ, ಅದರ ಮೇಲೆ ಕಾರ್ಡಿನ ದುಡ್ಡು. ಕ್ಯೂ ನೋಡಿದರೆ ಜಾರ್ಜಿಯಾದವರಿಗಿಂತ ದುಬೈಯವರೇ ಹೆಚ್ಚು. ಮಲಯಾಳಂ, ಉರ್ದು, ತೆಲುಗು, ನಡುವೆ ಯಾರೋ ಮಗುವಿಗೆ "ಯಲ್ಲಾ, ಯಲ್ಲಾ" ಅಂತ ಅವಸರ ಮಾಡುತ್ತಿದ್ದಾರೆ. ನಾನು ಪೂರ್ವಿಯನ್ನು ಗದರಿದ್ದು ಕೇಳಿ ಹಿಂದಿದ್ದ ಬಿಳಿಗಡ್ಡದ ಹಿರಿಯರೊಬ್ಬರು ಮಾತಿಗೆ ಬಂದರು.

"ನೀವು ಕನ್ನಡದವ್ರಾ? ನಮ್ದು ಭಟ್ಕಳ. ಅಬುಧಾಬಿ ಹಮ್ದಾನ್ ಸ್ಟ್ರೀಟಲ್ಲಿ ಬಟ್ಟೆ ಅಂಗಡಿ, ಮೂವತ್ತು ವರ್ಷ ಆಯ್ತು" ಅಂದರು. ಹಬ್ಬದ ನಮಾಜನ್ನು ಹಳೆಯ ಊರಿನ ಮಸೀದಿಯಲ್ಲಿ ಮಾಡಿದರಂತೆ. ಅಲ್ಲಿ ಶಿಯಾ, ಸುನ್ನಿ ಇಬ್ಬರೂ ಒಂದೇ ಸೂರಿನ ಕೆಳಗೆ ನಮಾಜು ಮಾಡುತ್ತಾರೆಂದು ಬಹಳ ಸಂತೋಷದಿಂದ ಹೇಳಿದರು. ಚೀಲದಿಂದ ಖರ್ಜೂರ ತೆಗೆದು ಪೂರ್ವಿಯ ಕೈಗಿಟ್ಟರು. ಆಮೇಲೆ ಇವರ ಕಡೆ ತಿರುಗಿ, "ನೀವು ಏನು ಕೆಲ್ಸ ಮಾಡೂದು?" ಅಂತ ಕೇಳಿದರು.

"ಸ್ಟೋರಿನ್ಯಾಗ ಇದ್ದೀನ್ರಿ" ಅಂದರು ಇವರು.

ಸೋಮವಾರ ಇನ್ನೂ ಬಂದಿರಲಿಲ್ಲ. ಇವರು ಆಗಲೇ ಸ್ಟೋರಿಗೆ ಹೋಗಿ ಕೂತಾಗಿತ್ತು. ಹಿರಿಯರು "ಒಳ್ಳೇದಾಯ್ತು, ನೆರಳಲ್ಲಿ ಕೆಲ್ಸ" ಅಂದರು. ಪಾಪ, ಅವರಿಗೇನು ಗೊತ್ತು.

ಗಾಜಿನ ಪೆಟ್ಟಿಗೆ ನದಿ ದಾಟುವಾಗ ಎಲ್ಲರೂ ಕೆಳಗೆ ನೋಡಿದರು. ಗುಮ್ಮಟಗಳು, ಚರ್ಚುಗಳ ಮೊನಚು ಗೋಪುರ, ಗಾಜಿನ ಸೇತುವೆ. ಇವರು ಮಾತ್ರ ಮೇಲೆ ನೋಡುತ್ತಿದ್ದರು, ಹಗ್ಗವನ್ನು ಪೆಟ್ಟಿಗೆ ಕಚ್ಚಿ ಹಿಡಿದ ಜಾಗವನ್ನು. ಪೂರ್ವಿ "ಪಪ್ಪಾ, ಲುಕ್ ಡೌನ್" ಅಂದಾಗ ಒಮ್ಮೆ ಬಗ್ಗಿ ನೋಡಿ ಮತ್ತೆ ಕತ್ತೆತ್ತಿದರು. ಕಸುಬು ಬೇಡವೆಂದವರ ಕಣ್ಣು ಅದಲ್ಲ ಅಂತ ನನಗೆ ಅನ್ನಿಸಿತು. ಅದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಕೋಟೆಯೊಳಗೆ ರಿಪೇರಿ ನಡೆದಿದ್ದರಿಂದ ಹೊರಗಿನಿಂದಲೇ ನೋಡಿ ಗುಡ್ಡದ ಅಂಚಿನಲ್ಲಿ ನಡೆದೆವು. ಅಲ್ಲೊಂದು ಬಹಳ ದೊಡ್ಡ ಹೆಂಗಸಿನ ಪ್ರತಿಮೆ ಇದೆ, ಜಾರ್ಜಿಯಾದ ತಾಯಿ ಅನ್ನುತ್ತಾರೆ. ಒಂದು ಕೈಯಲ್ಲಿ ಸ್ನೇಹಿತರಿಗೆ ದ್ರಾಕ್ಷಾರಸದ ಬಟ್ಟಲು, ಇನ್ನೊಂದರಲ್ಲಿ ವೈರಿಗಳಿಗೆ ಕತ್ತಿ. ಬಟ್ಟಲು ಬದಿಗಿಟ್ಟು ನಾನು ಕತ್ತಿಯನ್ನೇ ಹಿಡಿದೆ. ಪೂರ್ವಿ ಫೋಟೋ ತೆಗೆಯಲು ಮುಂದೆ ಹೋಗಿದ್ದಳು.

"ಯಾವಾಗ ಸ್ಟೋರ್ ಸೇರಿದ್ರಿ? ನನಗ ಗೊತ್ತ ಇಲ್ಲ."

ಅವರು ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದುಕೊಂಡರು.

"ಹದಿನೈದ ವರ್ಷದ ಮನಿ ಮುರೀತದ. ಮಷೀನ್ ಒಂದಿನಾ ಕೆಟ್ಟಿತ್ತಂತ ಜೀವನಪೂರ್ತಿ ಕುಂಡ್ರತೀರೇನು? ಬ್ಯಾರೆ ಮಷೀನ್ ಇಲ್ಲೇನು?"

"ನಿನಗ ತಿಳಿಯಂಗಿಲ್ಲ ಗಿರಿಜಾ."

"ತಿಳಿಸ್ರಿ ಮತ್ತ."

"ಖಲಾಸ್. ಸಾಕು" ಅಂದು ಮೆಟ್ಟಿಲು ಇಳಿಯತೊಡಗಿದರು. ಗುಡ್ಡದ ಕೆಳಗೆ, ಸ್ನಾನಗೃಹಗಳ ಹಿಂದಿನ ಕಣಿವೆಯಲ್ಲಿ ಸಣ್ಣ ಜಲಪಾತವಿದೆ, ಊರ ನಡುವೆಯೇ. ಅಲ್ಲಿಯವರೆಗೆ ಮೂವರೂ ಮಾತಿಲ್ಲದೆ ನಡೆದೆವು. ನೀರು ಚೆನ್ನಾಗಿಯೇ ಬೀಳುತ್ತಿತ್ತು. ಅದರ ಎದುರು ತೆಗೆದ ಫೋಟೋದಲ್ಲಿ ನಾನೂ ಇವರೂ ಪಾಸ್‌ಪೋರ್ಟಿಗೆ ನಿಂತವರ ಹಾಗೆ ಇದ್ದೇವೆ.

ಮೂರನೇ ದಿನ ಮಳೆ. ಬೆಟ್ಟದ ರೈಲಿನಲ್ಲಿ ಹೋದರೂ ಮೇಲೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ ಅಂದಳು ನಾವು ಉಳಿದುಕೊಂಡ ಹೋಟೆಲಿನ ಒಡತಿ. ಹಾಗಾದರೆ ಒಂಬತ್ತನೆಯದಕ್ಕೆ ಹೋಗೋಣ ಅಂದಳು ಪೂರ್ವಿ. ನಾನು ಬೇಡವೆಂದೆ. ನನ್ನ ಅಚ್ಚರಿಗೆ ಇವರೇ "ನಡೀರಿ, ಹುಡುಗಿ ಪಟ್ಟಿ ಯಾಕ ಕೆಡಸೂದು" ಅಂದರು. ಹಿಂದಿನ ದಿನದ ಮಾತಿಗೆ ಅವರಿಗೂ ಪಶ್ಚಾತ್ತಾಪವಾಗಿತ್ತೇನೋ. ನನಗಂತೂ ಆಗಿತ್ತು.

ಮೆಟ್ರೋಗೆ ತಲೆಗೆ ಒಂದು ಲಾರಿ. ನೆಲದೊಳಗೆ ಎಷ್ಟು ಆಳವೆಂದರೆ ಎಸ್ಕಲೇಟರ್ ಮೇಲೆ ನಿಂತ ಜನ ಪುಸ್ತಕ ತೆಗೆದು ಓದುತ್ತಾರೆ. ಅದರ ಓಟವೂ ಜೋರು, ಪೂರ್ವಿ ನನ್ನ ತೋಳು ಹಿಡಿದುಕೊಂಡಳು. ಒಂದು ಕಡೆ ಗಾಡಿ ಬದಲಿಸಿ ಊರಿನ ಪಶ್ಚಿಮದಲ್ಲಿ ಇಳಿದೆವು. ಅಲ್ಲಿಂದ ಹದಿನೈದು ನಿಮಿಷ ಏರು ರಸ್ತೆ. ಕಡಿದಾದ ಗುಡ್ಡದ ಮೈಗೆ ಸೋವಿಯತ್ ಕಾಲದ ಬೂದು ಬಣ್ಣದ ಬಹುಮಹಡಿ ಮನೆಗಳು. ಕೆಳಗಿನ ಬೀದಿಯಲ್ಲಿ ಒಂದು ಕಟ್ಟಡ, ಅದಕ್ಕಿಂತ ಮೇಲೆ ಇನ್ನೊಂದು, ಇನ್ನೂ ಮೇಲೆ ಮತ್ತೊಂದು. ಒಂದರಿಂದ ಒಂದಕ್ಕೆ ಗಾಳಿಯಲ್ಲಿ ಕಬ್ಬಿಣದ ಸೇತುವೆ. ಕೆಳಗಿನ ಬೀದಿಯವರು ಮೇಲಿನ ಬೀದಿಗೆ ಹೋಗಬೇಕಾದರೆ ಗುಡ್ಡ ಹತ್ತುವುದಿಲ್ಲ. ಮೊದಲ ಕಟ್ಟಡದ ಲಿಫ್ಟಿನಲ್ಲಿ ಏರಿ, ಸೇತುವೆ ದಾಟಿ ಹೋಗುತ್ತಾರೆ. ಲಿಫ್ಟಿಗೆ ಬಸ್ಸಿನ ಹಾಗೆ ಟಿಕೆಟ್, ಒಳಗಿನ ದುಡ್ಡಿನ ಡಬ್ಬಿಗೆ ಇಪ್ಪತ್ತು ತೇತ್ರಿಯ ಒಂದು ನಾಣ್ಯ ಹಾಕಬೇಕು. ನೂರು ತೇತ್ರಿಗೆ ಒಂದು ಲಾರಿ.

ಒಳಗೆ ಎರಡು ಲಿಫ್ಟ್. ಪಕ್ಕದಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆ, ಅದರಲ್ಲಿ ಉಣ್ಣೆಯ ಟೋಪಿ ಹಾಕಿದ ಅಜ್ಜಿಯೊಬ್ಬಳು ಚಿಲ್ಲರೆ ಕೊಡುತ್ತಾ ಕೂತಿದ್ದಳು. ಒಂದು ಲಿಫ್ಟ್ ಓಡುತ್ತಿತ್ತು, ಇನ್ನೊಂದಕ್ಕೆ ಕಾಗದ ಅಂಟಿಸಿದ್ದರು. ಓಡುವುದರ ಮುಂದೆ ತರಕಾರಿ ಚೀಲಗಳ ದೊಡ್ಡ ಸಾಲು. ಪೂರ್ವಿ ಮತ್ತು ನಾನು ಸಾಲಿನಲ್ಲಿ ನಿಂತೆವು. ತಿರುಗಿ ನೋಡಿದರೆ ಇವರಿಲ್ಲ. ಮೇಲಿನಿಂದ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಮೆಟ್ಟಿಲು ಹತ್ತಿ ಹೋದರೆ, ಮೊದಲ ಮಹಡಿಯಲ್ಲಿ ಕೆಟ್ಟ ಲಿಫ್ಟಿನ ಬಾಗಿಲು ತೆರೆದಿತ್ತು. ಪೆಟ್ಟಿಗೆ ಕೆಳಗೆ ನಿಂತಿದ್ದರಿಂದ ಅದರ ನೆತ್ತಿ ಈ ನೆಲದ ಮಟ್ಟಕ್ಕೆ ಕಾಣುತ್ತಿತ್ತು. ಎಪ್ಪತ್ತರ ಹತ್ತಿರದ ಮುದುಕನೊಬ್ಬ ಇಕ್ಕಳ ಹಿಡಿದು ಅದರ ಮೇಲೆ ಕಾಲಿಡಲು ಹೊರಟಿದ್ದ. ನಮ್ಮವರು ಅವನ ತೋಳನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು.

"ಸ್ಟಾಪ್ ಒತ್ತೀರೇನು? ಒತ್ತಿಲ್ಲ ನೀವು. ನಾ ನೋಡೇನಿ, ಒತ್ತಿಲ್ಲ" ಅನ್ನುತ್ತಿದ್ದರು, ಅಚ್ಚ ಕನ್ನಡದಲ್ಲಿ. ಮುಖದಲ್ಲಿ ರಕ್ತವಿರಲಿಲ್ಲ. ಇವರನ್ನು ಹಾಗೆ ನಾನು ನೋಡಿದ್ದೇ ಇಲ್ಲ.

ಮುದುಕ ಬೈಯಲಿಲ್ಲ. ಇವರ ಕೈಯನ್ನೂ, ಕೈಯ ಮೇಲಿನ ಹಳೆಯ ಗಾಯದ ಗುರುತುಗಳನ್ನೂ ನೋಡಿದ. ತನ್ನ ಕೈ ತಿರುಗಿಸಿ ತೋರಿಸಿದ, ಅಂಥವೇ ಗುರುತುಗಳು. ಬಾ ಅಂತ ಸನ್ನೆ ಮಾಡಿ ನಮ್ಮೆಲ್ಲರನ್ನೂ ಕೆಳಗೆ ಅಜ್ಜಿಯ ಕೋಣೆಗೆ ಕರೆದುಕೊಂಡು ಹೋದ. ಅಜ್ಜಿ ಏಪ್ರನ್ನಿನ ಜೇಬಿಗೆ ಕೈ ಹಾಕಿ ಮೂರು ಪಿಂಗಾಣಿ ಫ್ಯೂಸ್ ತೆಗೆದು ತೋರಿಸಿದಳು. ಗೋಡೆಯ ಮೇಲಿನ ಬೋರ್ಡಿನಲ್ಲಿ ಅವುಗಳ ಜಾಗ ಖಾಲಿ ಇತ್ತು. ಅವು ಇಲ್ಲದೆ ಆ ಲಿಫ್ಟ್ ಒಂದು ಬೆರಳಷ್ಟೂ ಅಲುಗುವಂತಿರಲಿಲ್ಲ. ಇವರು ಉಸಿರು ಬಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತರು.

ಪೂರ್ವಿ ಫೋನಿನ ಅನುವಾದ ತೆರೆದಳು. ನಾವು ಹಿಂದಿಯಲ್ಲಿ ಹೇಳಿದ್ದನ್ನು ಅದು ಜಾರ್ಜಿಯನ್‌ನಲ್ಲಿ ಹೇಳುತ್ತಿತ್ತು, ಅವರದ್ದನ್ನು ಹಿಂದಿಯಲ್ಲಿ. ಮುದುಕನ ಹೆಸರು ಗುರಾಮ್, ಅಜ್ಜಿ ಲಮಾರಾ, ಅವನ ಹೆಂಡತಿ. ಲಿಫ್ಟ್ ನೋಡಿಕೊಳ್ಳುವುದು ಗಂಡ, ನಾಣ್ಯ ನೋಡಿಕೊಳ್ಳುವುದು ಹೆಂಡತಿ. ನಮ್ಮವರೂ ಲಿಫ್ಟಿನವರೇ ಅಂತ ಪೂರ್ವಿ ಹೇಳಿದಳು. ಗುರಾಮ್ ತಲೆಯಾಡಿಸಿದ, ಅವನಿಗೆ ಆಗಲೇ ಗೊತ್ತಾಗಿತ್ತು. ಅವನು ಒಂದೇ ಪ್ರಶ್ನೆ ಕೇಳಿದ.

"ಅಷ್ಟು ಯಾಕೆ ಹೆದರಿದೆ?"

ಇವರು ಫೋನನ್ನು ಪೂರ್ವಿಯ ಕೈಯಿಂದ ತೆಗೆದುಕೊಂಡರು. ನೆಲ ನೋಡುತ್ತಾ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು. ಇಪ್ಪತ್ತೊಂದು ವರ್ಷ ಕೆಲಸ ಮಾಡಿದ್ದೇನೆ. ಬಾಗಿಲು ತೆಗೆದ ಮೇಲೆ ಮೊದಲು ಕೈ ಚಾಚಿ ಪೆಟ್ಟಿಗೆಯ ನೆತ್ತಿಯ ಮೇಲಿನ ಸ್ಟಾಪ್ ಗುಂಡಿ ಒತ್ತಬೇಕು, ಆಮೇಲೆ ಕಾಲಿಡಬೇಕು. ಹೊಸಬರಿಗೆ ಅದನ್ನು ಕಲಿಸಿದವನೇ ನಾನು. ಜನವರಿಯಲ್ಲಿ ಒಂದು ದಿನ ಒತ್ತಲಿಲ್ಲ. ಮಷೀನ್ ಸರಿಯಾಗಿಯೇ ಇತ್ತು, ಮೇಲಿನ ಮಹಡಿಯಲ್ಲಿ ಯಾರೋ ಲಿಫ್ಟಿನ ಗುಂಡಿ ಒತ್ತಿದರು, ಅದು ಹೋಯಿತು. ನಾನು ಮರೆತಿದ್ದೆ. ಯಾಕೆ ಮರೆತೆ ಅಂತ ಇವತ್ತಿಗೂ ಗೊತ್ತಿಲ್ಲ. ಮತ್ತೆ ಮರೆತರೆ?

ಫೋನು ಅದನ್ನೆಲ್ಲ ಒಂದು ಹೆಂಗಸಿನ ದನಿಯಲ್ಲಿ ಜಾರ್ಜಿಯನ್‌ನಲ್ಲಿ ಹೇಳುತ್ತಾ ಹೋಯಿತು. ನಾನು ಗೋಡೆಗೆ ಒರಗಿ ನಿಂತೆ. ಎರಡು ತಿಂಗಳು ನಾನು ಇವರಿಗೆ ಮಷೀನಿನ ಸಮಾಧಾನ ಹೇಳಿದ್ದೆ. ಮಷೀನ್ ರಿಪೇರಿ ಆಗೇತಲ್ರಿ ಅಂತ ಹೇಳಿದಾಗಲೆಲ್ಲ ಇವರಿಗೆ ಹೇಗಾಗಿರಬೇಕು. ಹೆಂಡತಿಗೆ ಹೇಳದ್ದನ್ನು ಭಾಷೆ ಬಾರದ ಮುದುಕನಿಗೆ ಹೇಳಿದರಲ್ಲ ಅಂತ ಸಿಟ್ಟೂ ಬಂತು.

ಗುರಾಮ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಫೋನಿಗೆ ಬಾಯಿ ತೀರಾ ಹತ್ತಿರ ತಂದು ಹೇಳಿದ. "ನಾನೂ ಮರೆತಿದ್ದೆ. ಮೊದಲು ಫ್ಯೂಸ್ ಕಿತ್ತು ನನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ಒಂದು ದಿನ ಕೀಳುವುದನ್ನೇ ಮರೆತೆ. ಅವತ್ತಿನಿಂದ ಇವಳ ಕೈಗೆ ಕೊಡದೆ ಮೆಟ್ಟಿಲು ಹತ್ತುವುದಿಲ್ಲ. ಇವಳಿಗೂ ಮರೆವಿದೆ. ಆದರೆ ಇಬ್ಬರೂ ಒಂದೇ ದಿನ ಇನ್ನೂ ಮರೆತಿಲ್ಲ."

ಲಮಾರಾ ಏನೋ ಗೊಣಗಿದಳು. ಫೋನ್ ಅದನ್ನೂ ಹೇಳಿತು: "ನನಗೆ ಮರೆವಿಲ್ಲ, ಸುಳ್ಳುಗಾರ." ಪೂರ್ವಿ ಕಿಸಕ್ಕನೆ ನಕ್ಕಳು. ಇವರೂ ನಕ್ಕರು, ಕಣ್ಣು ಒರೆಸಿಕೊಂಡು.

ಬಾಗಿಲಿನ ಒಂದು ಗಾಲಿ ಸವೆದಿದೆ, ಒಬ್ಬನೇ ಬಿಚ್ಚುವುದು ಕಷ್ಟ, ಟಾರ್ಚ್ ಹಿಡಿಯುತ್ತೀಯಾ ಅಂತ ಗುರಾಮ್ ಕೇಳಿದ. ಇವರು ನನ್ನ ಮುಖ ನೋಡಿದರು. ಬೇಡ ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು. ಎರಡು ತಿಂಗಳಿಂದ ಹೋಗಿ ಹೋಗಿ ಅಂತ ತಳ್ಳಿದವಳು ನಾನೇ.

"ಹೋಗ್ರಿ" ಅಂದೆ.

ಇವರು ಲಮಾರಾ ಮುಂದೆ ಕೈ ಚಾಚಿದರು. ಅವಳು ಗಂಡನ ಮುಖ ನೋಡಿ, ಅವನು ಹೂಂ ಅಂದ ಮೇಲೆ ಮೂರೂ ಫ್ಯೂಸ್ ಕೊಟ್ಟಳು. ಇವರು ಅವನ್ನು ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಗಿರಿಜಾ, ನಾ ಬಂದು ಕೇಳೋತನಕ ಯಾರಿಗೂ ಕೊಡಬ್ಯಾಡ. ಪೂರ್ವಿ ಕೇಳಿದ್ರೂ ಕೊಡಬ್ಯಾಡ" ಅಂದರು. ಮದುವೆಯಾದಾಗಿನಿಂದ ಸಂಬಳ ತಂದು ಕೊಟ್ಟಿದ್ದಾರೆ, ಬಂಗಾರ ಕೊಟ್ಟಿದ್ದಾರೆ. ಇಷ್ಟು ಭಾರದ್ದನ್ನು ಎಂದೂ ಕೊಟ್ಟಿರಲಿಲ್ಲ.

ಅವರು ಮೇಲಿದ್ದದ್ದು ಇಪ್ಪತ್ತೈದು ನಿಮಿಷ. ಲಮಾರಾ ನನಗೆ ತನ್ನ ಕುರ್ಚಿ ಕೊಟ್ಟಳು, ನಾನು ಕೂರಲಿಲ್ಲ. ಒಬ್ಬ ಹೆಂಗಸು ಆಲೂಗಡ್ಡೆ ಚೀಲ ಹಿಡಿದು ಬಂದು, ಆ ಲಿಫ್ಟ್ ಯಾವಾಗ ಅಂತ ಜೋರು ಮಾಡಿದಳು. ಲಮಾರಾ ಅದಕ್ಕಿಂತ ಜೋರು ಮಾಡಿದಳು. ನಾನು ಮುಷ್ಟಿಯನ್ನು ಜಾಕೆಟ್ಟಿನೊಳಗೆ ಬಚ್ಚಿಟ್ಟೆ. ಮೇಲಿನಿಂದ ಸುತ್ತಿಗೆಯ ಏಟು ಕೇಳಿದಾಗ ಮೆಟ್ಟಿಲ ಕಡೆ ನೋಡುತ್ತಿದ್ದೆ, ಕೇಳದಿದ್ದಾಗ ಇನ್ನೂ ಹೆಚ್ಚು. "ಅಮ್ಮಾ, ಯು ಆರ್ ಶೇಕಿಂಗ್" ಅಂದಳು ಪೂರ್ವಿ. ಚಳಿ ಅಂದೆ. ಅವಳು ಬಂದು ನನ್ನ ಸೊಂಟ ಬಳಸಿ ನಿಂತಳು, ಸಣ್ಣವಳಿದ್ದಾಗ ನಿಲ್ಲುತ್ತಿದ್ದ ಹಾಗೆ.

ಕೊನೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಬಂದರು.

"ಕೊಡು" ಅಂದರು.

"ಮೊದಲ ಹೇಳ್ರಿ. ನನಗ್ಯಾಕ ಹೇಳಲಿಲ್ಲ?"

"ನೀ ಅಂಜತಿ ಅಂತ."

"ಈಗ ಅಂಜಿಲ್ಲೇನು ನಾ?"

ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡರು. "ನಾಚಿಕಿ ಬಂತು" ಅಂದರು. ಕಲಿಸುವವನೇ ಮರೆತನಲ್ಲ ಅಂತ. ಆಮೇಲೆ ನಾನು ಮುಷ್ಟಿ ಬಿಚ್ಚಿದೆ. ಫ್ಯೂಸಿನ ಅಂಚು ಅಂಗೈಯಲ್ಲಿ ಕೆಂಪು ಗೆರೆ ಮಾಡಿತ್ತು.

ರಿಪೇರಿಯಾದ ಲಿಫ್ಟಿನ ಮೊದಲ ಸವಾರಿ ನಮಗೇ ಕೊಟ್ಟರು, ನಾಣ್ಯ ತೆಗೆದುಕೊಳ್ಳಲಿಲ್ಲ. ಮೇಲೆ ಸೇತುವೆಯ ಮೇಲೆ ನಿಂತಾಗ ಮಳೆ ನಿಂತಿತ್ತು. ಒಂದು ಕಡೆ ಕೆಳಗೆ ಇಡೀ ಊರು, ಇನ್ನೊಂದು ಕಡೆ ಒಗೆದ ಬಟ್ಟೆ ಹರವಿದ ಬಾಲ್ಕನಿಗಳು. ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚು ನನಗೆ ನೆನಪಿಲ್ಲ, ನಾನು ಪಕ್ಕದಲ್ಲಿದ್ದವರನ್ನು ನೋಡುತ್ತಿದ್ದೆ.

ನಾಲ್ಕನೇ ದಿನ ಬೆಟ್ಟದ ರೈಲಿಗೂ ಹೋದೆವು, ಅಕ್ರೋಟ್ ಪೋಣಿಸಿ ದ್ರಾಕ್ಷಿ ರಸದಲ್ಲಿ ಅದ್ದಿದ ಚುರ್ಚ್‌ಖೇಲಾ ಹತ್ತು ಸರ ಕೊಂಡೆವು, ಪೂರ್ವಿಯ ಪಟ್ಟಿಯಲ್ಲಿ ಎರಡು ಹಾಗೇ ಉಳಿದವು. ರಾತ್ರಿ ಊಟದ ಹೊತ್ತಿಗೆ ದುಬೈಯಲ್ಲಿದ್ದೆವು. ಜಾಕೆಟ್‌ಗಳನ್ನು ಒಗೆಸಿ ಮರಳಿಸಿದೆ. ಐದನೇ ಮಹಡಿಯವರು ಆಗಲೇ ಕೇಳಿಟ್ಟಿದ್ದರು.

ಸೋಮವಾರ ಇವರು ಮ್ಯಾನೇಜರನ ಮುಂದೆ ನಿಂತು ಮೊದಲು ಹೇಳಿದ್ದು ಬಾವಿಯ ಮಾತಲ್ಲ. "ಅವತ್ತು ಮಷೀನ್ ಕೆಟ್ಟಿರಲಿಲ್ಲ, ನಾನೇ ಸ್ಟಾಪ್ ಒತ್ತಿರಲಿಲ್ಲ" ಅಂದರಂತೆ. ಕಂಪನಿಯವರು ಎಚ್ಚರಿಕೆಯ ಪತ್ರ ಕೊಟ್ಟರು. ಎರಡು ದಿನ ಸುರಕ್ಷತೆಯ ತರಬೇತಿಗೆ ಮತ್ತೆ ಕೂರಿಸಿದರು, ಹೊಸಬರ ಜೊತೆ, ಇವರೇ ಕಲಿಸುತ್ತಿದ್ದ ಪಾಠಕ್ಕೆ. ಮೂರು ತಿಂಗಳು ಇನ್ನೊಬ್ಬ ಮೆಕ್ಯಾನಿಕ್ ಜೊತೆಗೇ ಹೋಗಬೇಕು ಅಂದರು. ಎಲ್ಲಕ್ಕೂ ಹೂಂ ಅಂದು ಬಂದರು. ಸಂಬಳ ಹಾಗೇ ಉಳಿಯಿತು, ಮನೆಯೂ ಉಳಿಯಿತು.

ಗುರುವಾರ ಬೆಳಿಗ್ಗೆ ಹತ್ತೂ ಕಾಲಿಗೆ ಕ್ಲಿನಿಕ್ಕಿನಲ್ಲಿ ನನ್ನ ಫೋನ್ ಬಡಿಯಿತು. ನನ್ನೆದುರು ಒಬ್ಬ ಆಸಾಮಿ ಕೆನ್ನೆ ಹಿಡಿದುಕೊಂಡು ನಿಂತಿದ್ದ.

"ಗಿರಿಜಾ, ಬಾಗಲಾ ತಗದೀನಿ. ಸ್ಟಾಪ್ ಒತ್ತೀನಿ. ಇನ್ನ ಕಾಲ ಇಡತೀನಿ."

"ಇನ್ನೊಮ್ಮೆ ನೋಡ್ರಿ" ಅಂದೆ.

"ನೋಡಿದೆ. ಒತ್ತೇತಿ."

"ಹಂಗಾದ್ರ ಹೋಗ್ರಿ."

ಕೆನ್ನೆ ಹಿಡಿದವನ ಹೆಸರು ಬರೆದುಕೊಂಡೆ, ತಪ್ಪು ಬರೆದೆ, ಹೊಡೆದು ಹಾಕಿ ಮತ್ತೆ ಬರೆದೆ. ಇನ್ನಿಬ್ಬರು ಬಂದರು, ಹೋದರು. ಡಾಕ್ಟರ್ ಏನೋ ಕೇಳಿದರು, ನಾನೇನೋ ಹೇಳಿದೆ. ಎರಡು ತಿಂಗಳು ಅವರೊಬ್ಬರೇ ಹೊತ್ತ ಅಂಜಿಕೆ ಎಷ್ಟು ತೂಕದ್ದು ಅಂತ ಆ ನಲವತ್ತು ನಿಮಿಷದಲ್ಲಿ ನನಗೆ ಗೊತ್ತಾಯಿತು. ಅರ್ಧ ನನಗೆ ಕೊಟ್ಟದ್ದೇ ಒಳ್ಳೆಯದಾಯಿತು.

ಹತ್ತು ಐವತ್ತೈದಕ್ಕೆ ಮತ್ತೆ ಫೋನ್ ಬಂತು. "ಹೊರಗ ಬಂದೀನಿ" ಅಂದರು. ಆಮೇಲಷ್ಟೇ ನಾನು ಕುರ್ಚಿಯ ಮೇಲೆ ಕೂತೆ.